ಬೂಷ್ಟಿಗೇ ಹಿಡಿದ ರೋಗ

"ಹಲೋ... ಯಾರು ಮಾತಾಡ್ತಿರೋದು? ... ಓ, ಅಕ್ಕನ ಯಜಮಾನ್ರಾ? ನಾನು, ಲ್ಯಾಬಿನಿಂದ... ಹೌದು, ಅದೇ ಮೇಡಂ. ಅಕ್ಕ ಇದಾರಾ? ... ಇಲ್ಲ ಇಲ್ಲ, ಬೈಯೋಕಲ್ಲ. ದಯವಿಟ್ಟು ಕೊಡಿ, ಎರಡೇ ನಿಮಿಷ."

ಆ ಕಡೆ ಫೋನನ್ನು ಎಲ್ಲೋ ಕುಕ್ಕಿದ ಸದ್ದಾಯಿತು. ಮೇಡಂ ಫ್ರಿಜ್ಜಿನ ಮುಂದೆ ಮೊಣಕಾಲೂರಿ ಕೂತಿದ್ದಳು. ಊಟದ ಹೊತ್ತು, ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಇಲ್ಲಿ ಬೆಳೆಸುವುದು ಒಂದು ಹಸಿರು ಬೂಷ್ಟು. ಅದರ ಪುಡಿಯನ್ನು ಬೆಳೆಗೆ ಸಿಂಪಡಿಸಿದರೆ ಹುಳಗಳು ವಾರದೊಳಗೆ ಬೂಷ್ಟು ಹಿಡಿದು ಸಾಯುತ್ತವೆ. ಹನ್ನೊಂದು ವರ್ಷ ಅದನ್ನು ಟ್ಯೂಬಿನಿಂದ ಟ್ಯೂಬಿಗೆ ದಾಟಿಸಿ ಉಳಿಸಿಕೊಂಡು ಬಂದವಳು ಅಕ್ಕ. ಮೂರು ತಿಂಗಳ ಹಿಂದೆ, ಬೂಷ್ಟು ಕೆಡತೊಡಗಿದಾಗ ತಪ್ಪು ಅವಳದೇ ಎಂದು ಕೆಲಸದಿಂದ ತೆಗೆದವಳು ಈ ಮೇಡಂ. ಈಗ ಯಾವ ಮುಖ ಹೊತ್ತು ಮಾತಾಡುವುದೋ!

"ಹಲೋ, ಅಕ್ಕಾ? ... ಹಾಂ, ನಾನೇ. ಚೆನ್ನಾಗಿದೀರಾ? ... ಆಯ್ತು, ಆಯ್ತು, ಕ್ಷೇಮ ಸಮಾಚಾರ ಬೇಡ. ವಿಷಯಕ್ಕೇ ಬರ್ತೀನಿ."

"ಕೆಳಗಿನ ಫ್ರಿಜ್ಜಲ್ಲಿ, ಹಿಂದ್ಗಡೆ ಮೂಲೇಲಿ, ನೀವೊಂದು ಟ್ಯೂಬು ಇಡ್ತಿದ್ರಲ್ಲ? ಕೆಡದ ಹಾಗೆ ಮೇಲೆ ಎಣ್ಣೆ ಸುರಿದು? ... ಅಯ್ಯೋ, ನಂಗೊತ್ತಿಲ್ವಾ? ಅಕ್ಕನ ಗುಪ್ತನಿಧಿ ಅಂತ ನಾವೆಲ್ಲ ಆಡಿಕೊಂಡು ನಗ್ತಿದ್ವಲ್ಲ. ಅದು ಎಲ್ಲಿದೆ? ಬೆಳಿಗ್ಗೆಯಿಂದ ಹುಡುಕ್ತಿದೀನಿ, ಸಿಗ್ತಿಲ್ಲ."

"ಯಾಕೆ ಅಂದ್ರೆ... ಬೀಜಕ್ಕೆ ಅಂತ ಇಟ್ಕೊಂಡಿದ್ದ ಮದರ್ ಟ್ಯೂಬುಗಳೆಲ್ಲ ಹೋದ್ವು ಅಕ್ಕ. ... ಹಾಂ, ಎಲ್ಲಾನೂ. ... ಒಣಗಿಲ್ಲ, ಬೆಳೀತಾನೇ ಇವೆ, ಅದೇ ತಲೆನೋವು. ಬೆಳ್ಳಗೆ ಹತ್ತಿ ಥರ ಬರುತ್ತೆ, ಹಸಿರೇ ತಿರುಗಲ್ಲ. ಪುಡಿ ಚೂರೇ ಚೂರು. ಹತ್ತು ದಿನದ ಹಿಂದೆ ಡಬ್ಬೀಲಿ ಮೂವತ್ತು ಹುಳ ಬಿಟ್ಟು ಸಿಂಪಡಿಸ್ದೆ. ಎಷ್ಟು ಸತ್ವು ಹೇಳಿ? ... ನಾಲ್ಕು! ಮಿಕ್ಕಿದ್ದೆಲ್ಲ ಎಲೆ ತಿಂದ್ಕೊಂಡು ಆರಾಮಾಗಿವೆ. ಪುಡಿ ತಗೊಂಡೋರು ದಿನಾ ಫೋನ್ ಮಾಡಿ ಉಗೀತಿದಾರೆ."

"...ಗಲೀಜು ಕೈ? ಹಾಗನ್ಬೇಡಿ ಅಕ್ಕ. ... ಹೌದು, ನಾನೇ ಅಂದಿದ್ದು. ಎಲ್ಲರ ಮುಂದೇನೇ ಅಂದೆ, ಗೊತ್ತು."

ಮೇಜಿನ ಮೇಲಿದ್ದ, ಬೂಷ್ಟಿನ ಪರೀಕ್ಷೆಯ ರಿಪೋರ್ಟನ್ನು ಅವಳು ಮತ್ತೊಮ್ಮೆ ಎಳೆದುಕೊಂಡಳು. ಮೂರು ಸಲ ಓದಿಯಾಗಿತ್ತು. ಎಷ್ಟು ಓದಿದರೂ ಅದರಲ್ಲಿ ಬರೆದದ್ದು ಬದಲಾಗುತ್ತಿರಲಿಲ್ಲ.

"ಇವತ್ತು ರಿಪೋರ್ಟು ಬಂತು. ನಿಮ್ಮ ಕೈಯಿಂದ ಆಗಿದ್ದಲ್ಲ ಅದು. ವೈರಸ್ಸಂತೆ. ... ಹುಳಕ್ಕಲ್ಲ ಅಕ್ಕ, ಬೂಷ್ಟಿಗೆ! ... ಹಾಂ, ನಾನೂ ಹಾಗೇ ಬಾಯಿ ಬಿಟ್ಕೊಂಡು ಕೂತಿದ್ದೆ. ಹುಳಕ್ಕೆ ಬೂಷ್ಟು ಹಿಡಿಯುತ್ತೆ, ಆ ಬೂಷ್ಟಿಗೆ ವೈರಸ್ಸು ಹಿಡಿಯುತ್ತೆ. ... ನಗಿ, ಪರವಾಗಿಲ್ಲ."

"ಅದು ಕೈ ತೊಳೀದೇ ಇದ್ರೆ ಬರೋದಲ್ಲ. ಒಂದು ಬೂಷ್ಟಿನ ಎಳೆ ಇನ್ನೊಂದರ ಎಳೆಗೆ ಬೆಸೆದ್ಕೊಂಡಾಗ ದಾಟುತ್ತಂತೆ. ... ಅದೇ ಅಲ್ವಾ ಪ್ರಶ್ನೆ? ಎರಡನ್ನ ಒಟ್ಟಿಗೆ ಇಟ್ಟಿದ್ಯಾರು ಅಂತ?"

ಅವಳು ಎದ್ದು ಹೋಗಿ, ಯಾರೂ ಇಲ್ಲದ ಲ್ಯಾಬಿನ ಬಾಗಿಲನ್ನು ಸುಮ್ಮನೆ ಮುಚ್ಚಿ ಬಂದಳು.

"ನಾನೇ. ... ಹೊರಗಿನಿಂದ ಹೊಸ ತಳಿ ತರಿಸಿದ್ನಲ್ಲ, ಬೇಗ ಬೇಗ ಬೆಳೆಯೋದು? ನಮ್ಮದು ಚೆನ್ನಾಗಿ ಕೊಲ್ಲುತ್ತೆ, ಬೆಳೆಯೋದು ಮಾತ್ರ ನಿಧಾನ. ಎರಡನ್ನೂ ಒಂದೇ ಪ್ಲೇಟಲ್ಲಿ ಒತ್ತೊತ್ತಿಗೆ ಬೆಳೆಸಿದ್ರೆ ಎರಡರ ಗುಣಾನೂ ಬರಬಹುದು ಅಂತ... ಒಂದು ಭಾನುವಾರ ಒಬ್ಳೇ ಬಂದು ಇಟ್ಟೆ. ಮೊದಮೊದಲು ಸೊಗಸಾಗೇ ಬಂತು. ಅದರಿಂದಾನೇ ಮದರ್ ಟ್ಯೂಬು ತುಂಬಿಸಿ ಹಳೇವನ್ನ ಬಿಸಾಡ್ದೆ. ಹೊಸ ತಳಿಯೊಳಗೇ ವೈರಸ್ಸು ಇತ್ತಂತೆ. ... ಹೌದು, ನೀವು ಬೇಡ ಅಂತಿದ್ರಿ. ಅದಕ್ಕೇ ನಿಮಗೆ ಹೇಳ್ಲಿಲ್ಲ."

"ಹಲೋ? ... ಇದೀರಾ? ... ಬೈದ್ಬಿಡಿ ಅಕ್ಕ, ಪರವಾಗಿಲ್ಲ."

ಬೈದರೂ ಸಾಕಾಗಿತ್ತು ಅವಳಿಗೆ. ಬೈಯುವವರ ಜೊತೆ ಹೇಗೋ ಏಗಬಹುದು. ಈ ಅಕ್ಕ ಮಾತ್ರ ಕೆಲಸದಿಂದ ತೆಗೆದ ದಿನವೂ ಬೈಯದೆ ಕೋಟು ಮಡಿಚಿಟ್ಟು ಹೋಗಿದ್ದಳು.

"...ತಿಳಿಸ್ತೀನಿ, ಎಲ್ಲರಿಗೂ ತಿಳಿಸ್ತೀನಿ. ನಿಮ್ಮ ತಪ್ಪಿಲ್ಲ ಅಂತ ಬರೆದೇ ಕೊಡ್ತೀನಿ, ನಾಳೆಯಿಂದ್ಲೇ ವಾಪಸ್ ಬನ್ನಿ. ಮೊದ್ಲು ಆ ಟ್ಯೂಬು ಎಲ್ಲಿದೆ ಹೇಳಿಬಿಡಿ. ನಾನು ಬೆರೆಸೋಕೆ ಮುಂಚೆ ಇಟ್ಟಿದ್ದಲ್ವಾ ಅದು? ... ಎರಡು ವರ್ಷದ ಹಿಂದಿಂದಾ? ಅಬ್ಬಾ! ಹಾಗಾದ್ರೆ ಅದಕ್ಕೆ ಏನೂ ತಗುಲಿರಲ್ಲ. ಇಡೀ ಲ್ಯಾಬಿಗೆ ಅದೊಂದೇ ಉಳಿದಿರೋದು ಅಕ್ಕ. ಅದು ಸಿಕ್ರೆ ಎಲ್ಲಾ ಮೊದಲಿಂದ ಶುರು ಮಾಡಬಹುದು. ಎಲ್ಲಿ, ಮೇಲಿನ ಫ್ರಿಜ್ಜಲ್ಲಾ?"

"...ಏನು? ... ಇನ್ನೊಂದ್ಸಲ ಹೇಳಿ, ಕೇಳಿಸ್ಲಿಲ್ಲ."

ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು.

"ಆಟೋಕ್ಲೇವಿಗಾ? ... ನೀವೇ ಹಾಕಿದ್ರಾ? ಹೋಗೋ ದಿನಾನಾ? ... ಯಾಕಕ್ಕಾ? ಮಗು ಥರ ನೋಡ್ಕೊಂಡಿದ್ದನ್ನ ಬೇಯಿಸಿ ಹಾಕೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

"...ನಾನಾ? ... ನಾನು ಹಾಗಂದ್ನಾ? ನಿಮ್ಮ ಕೈ ಮುಟ್ಟಿದ್ದೊಂದೂ ಈ ಫ್ರಿಜ್ಜಲ್ಲಿ ಇರಕೂಡದು ಅಂತಾನಾ? ... ಹೂಂ. ಅಂದಿದ್ದೆ. ಬಾಗಿಲಲ್ಲಿ ನಿಂತ್ಕೊಂಡು ಅಂದಿದ್ದೆ."

ಆಟೋಕ್ಲೇವ್ ಎಂದರೆ ಲ್ಯಾಬಿನ ದೊಡ್ಡ ಕುಕ್ಕರ್. ಅದರ ಹಬೆಗೆ ಸಿಕ್ಕ ಯಾವ ಬೂಷ್ಟೂ ಬದುಕುವುದಿಲ್ಲ. ಹೇಳಿದ ಕೆಲಸವನ್ನು ಅಕ್ಕ ಯಾವತ್ತೂ ಅರ್ಧಕ್ಕೆ ಬಿಟ್ಟವಳಲ್ಲ. ಮೇಡಂ ತೆರೆದ ಫ್ರಿಜ್ಜಿನ ಬಾಗಿಲು ಮುಚ್ಚಿ, ಅದರ ಮುಂದೆ ನೆಲದ ಮೇಲೆಯೇ ಕೂತಳು. ತಪ್ಪು ಅಂದೂ ತನ್ನದೇ, ಇಂದೂ ತನ್ನದೇ.

"ಅಕ್ಕ, ಕ್ಷಮಿಸಿ. ... ಮನಸಾರೆ ಹೇಳ್ತಿದೀನಿ. ... ಏನಂದ್ರಿ? ... ಟ್ಯೂಬು ಬೇಕಾಗಿರದಿದ್ರೆ ಇವತ್ತು ಫೋನ್ ಮಾಡ್ತಿದ್ನಾ ಅಂತಾನಾ?"

ಮಾಡುತ್ತಿದ್ದೆ ಎಂದುಬಿಡಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ರಿಪೋರ್ಟು ಬಂದದ್ದು ಒಂಬತ್ತು ಗಂಟೆಗೆ. ಒಂದೂವರೆಯವರೆಗೂ ಅವಳು ಫ್ರಿಜ್ಜು ತಡಕಿದ್ದಳು, ಸಿಗದೆ ಹೋದ ಮೇಲೆ ನಂಬರು ಒತ್ತಿದ್ದಳು.

"ಇಲ್ಲ ಅಕ್ಕ. ಮಾಡ್ತಿರ್ಲಿಲ್ಲ. ... ಹಲೋ? ... ಅಕ್ಕಾ, ಕೇಳಿಸ್ತಾ? ನಾನು ನಿಜಾನೇ ಹೇಳ್ದೆ... ಹಲೋ..."

ಆ ಕಡೆ ಲೈನು ಯಾವಾಗಲೋ ಕಟ್ಟಾಗಿತ್ತು.