ಕಿಟಕಿ ಕಡೆ ಬೀಮು

ಮತ್ತೆ ಯಾಕ್ರಿ ಸುತ್ತಿಗೆ ತಗಂಡ್ರಿ? ಇಳೀರಿ ಏಣಿಯಿಂದ... ಇಳೀರಿ ಅಂದೆ! ಆ ಕಿಟಕಿ ಕಡೆ ಬೀಮಿಗೆ ಬಳಿದ ಗಿಲಾವು ಇನ್ನೂ ಹಸಿ ಐತೆ.

ಯಾರು ಕಳಿಸಿದ್ರು ನಿಮ್ಮನ್ನ? ನಿಜ ಹೇಳ್ರಿ ಲಾಲ್ ಸಾಬ್ರೆ. ಆ ಹರಿಹರದ ಇಂಜಿನಿಯರ್ರಾ? ಅಲ್ವಾ... ಹಂಗಾರೆ ಕಾಟಪ್ಪ. ಅವನೇ! ಗುತ್ತಿಗೆ ಅವನ ಕೈತಪ್ಪಿ ನನಗೆ, ಈ ಕೊಟ್ಟೂರಪ್ಪ ಮೇಸ್ತ್ರಿಗೆ ಬಂತಲ್ಲ, ಹೊಟ್ಟೆಯುರಿ ಅವನಿಗೆ. ಯಾಕ ನಗ್ತೀರಿ? ನಗೋ ಅಂಥದ್ದು ಏನೈತೆ ಇದ್ರಾಗೆ?

ನಿಮ್ಮ ಕಣ್ಣೆದುರಿಗೇ ಅಲ್ವೇನ್ರಿ ಕೆಲಸ ನಡೆದಿದ್ದು? ಹತ್ತಿ ಮೂಟೆಗಳಿಗೆ ಬೆಂಕಿ ಬಿದ್ದು ಎರಡು ದಿನ ಉರಿದ ಗೋದಾಮು ಇದು. ಕಾಂಕ್ರೀಟು ಕೆಂಪು ತಿರುಗಿದ್ದಷ್ಟೂ ಸತ್ತಂಗೆ, ಬೂದು ಬಣ್ಣ ಕಾಣೋ ತನಕ ಒಡೀರಿ, ಹೊಸ ಕಂಬಿ ಕಟ್ಟಿ ಮತ್ತೆ ಹಾಕ್ರಿ ಅಂದ್ರು ಇಂಜಿನಿಯರ್ರು. ಒಡೆದ್ವಿ! ಕಂಬಿ ಕಟ್ಟಿದೋರು ನೀವೇ!

ಏನು... ಈ ಬೀಮಿಗೆ ಕಟ್ಟಿಲ್ವಾ? ಆ ವಾರ ಮಗಳ ಮದುವೆ ಅಂತ ಹದಡಿಗೆ ಹೋಗಿದ್ರಿ, ಮರೆತ್ರಾ? ಬೇರೆಯೋರು ಕಟ್ಟಿದ್ರು. ಯಾರು ಅಂದ್ರೆ... ಯಾರೋ. ಗುತ್ತೂರಿನೋರು. ಎಲ್ಲರ ಹೆಸರೂ ನೆನಪಿರುತ್ತೇನ್ರಿ?

ಹಂಗೆ ನೋಡಬ್ಯಾಡ್ರಿ ನನ್ನ. ನಾಳೆ ಗೋದಾಮಿನ ಸಾವ್ಕಾರ್ರು ಪೂಜೆ ಇಟ್ಕಂಡಾರೆ. ಅದಾದ ಮೇಲೆ ಹೆಣ್ಮಕ್ಕಳು ಹತ್ತಿ ಆರಿಸಾಕ ಕೂಡ್ತಾರೆ ಇಲ್ಲಿ, ನಲವತ್ತು ಜನ. ನಿಮ್ಮ ಮನೆಯೋರು ಹಜೀರಾಬೀನೂ ಬರ್ತಾರಲ್ಲ, ಧೈರ್ಯವಾಗಿ ಬರ್ಲಿ! ಇದು ನೂರು ವರ್ಷ ಅಲ್ಲಾಡಲ್ಲ. ಬೇಕಾದ್ರೆ ಆಣೆ ಮಾಡಿ...

ಏಣಿ ಇಳಿದು ಏನ್ ಮಾಡ್ತಿದೀರಿ? ಬೀಮಿನ ಕೆಳಗಿನ ಆಸರೆ ಮರ ಅದು, ಮುಟ್ಟಬ್ಯಾಡ್ರಿ. ಪೂಜೆಗೆ ಮೊದ್ಲು ನಾನೇ ತೆಗೆಸ್ತೀನಿ. ತೆಗೆಸ್ತೀನಿ ಅಂದ್ನಲ್ಲ! ನೀವ್ಯಾಕ ಕೆಳಗೆ ನಿಂತ್ಕಂಡು... ಲಾಲ್ ಸಾಬ್ರೆ, ತಮಾಷೆ ಸಾಕು. ಆ ಮರದ ಮೇಲೆ ಯಾಕ ಸುತ್ತಿಗೆ ಎತ್ತಿದ್ರಿ?

ಬಡೀಬ್ಯಾಡ! ಅಯ್ಯೋ, ಬಾರೋ ಈಚೆಗೆ, ಬಾರೋ ಮಾರಾಯ! ಒಡೆದಿಲ್ಲ ಕಣೋ ಅದನ್ನ... ಒಡೆದೇ ಇಲ್ಲ! ಸರ್ಕಾರದಿಂದ ಸಿಮೆಂಟಿನ ಪರ್ಮಿಟ್ಟು ಬರಲಿಲ್ಲ, ಮುಹೂರ್ತ ತಪ್ಪಬಾರ್ದು ಅಂತ ಸಾವ್ಕಾರ್ರು ಕುತ್ತಿಗೆ ಮೇಲೆ ಕೂತ್ರು. ಕೆಂಪಿನ ಮೇಲೇ ಗಿಲಾವು ಬಳಿಸಿಬಿಟ್ಟೆ. ಕೆಳಗೆ ಮರ ಇರೋ ತನಕ ನಿಂತಿರುತ್ತೆ, ಅಷ್ಟೇ.

ಸುತ್ತಿಗೆ ಕೊಡು. ಕೊಡೋ... ಹಾಂ. ಪೂಜೆಗೆ ಮರ ತೆಗೀಲೇಬೇಕಲ್ಲ, ನೀನು ಹಜೀರಾಬೀಗೆ ಹೇಳಿಬಿಡು, ನಾಳೆ ಒಂದಿನ ಬರೋದು ಬ್ಯಾಡ ಅಂತ. ಯಾರಿಗೂ ತಿಳಿಯಲ್ಲ.

ಯಾಕ... ಯಾಕ ಹಂಗೆ ನೋಡ್ತೀಯ? ಉಳಿದ ಹೆಣ್ಮಕ್ಕಳಿಗಾ? ಉಳಿದೋರಿಗೆ... ನಾನು ಏನಂತ ಹೇಳ್ಲೋ?