ಹಸಿದ ಹೊಟ್ಟೆಯ ಅಳತೆ

ಈ ಕಥೆಯನ್ನು ಮೊದಲು ಹೇಳಿದವಳು ಒಂದು ಮನೆಯ ಅಡುಗೆಯವಳು. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಕುಳಿತು, ಸುತ್ತ ನೆರೆದಿದ್ದ ಹೆಂಗಸರಿಗೆ ಹೇಳಿದಳು. ಅವಳು ಕೇಳಿಸಿಕೊಂಡಿದ್ದು ಒಂದು ಫೋನ್ ಮಾತುಕತೆ; ಫೋನ್ ಹಿಡಿದಿದ್ದವಳು ಆ ಮನೆಯ ಯಜಮಾನಿ. ಆ ಕಡೆಯವಳು ಅವಳ ಗಂಡನ ಅಕ್ಕ, ಲಿವರ್ ಕೆಟ್ಟು ಆಸ್ಪತ್ರೆಯಲ್ಲಿ ಮಲಗಿದ್ದವಳು. ತಮ್ಮನ ಲಿವರಿನ ಒಂದು ತುಂಡು ಸಿಕ್ಕರೆ ಮಾತ್ರ ಅವಳು ಬದುಕುವುದಿತ್ತು. ಆ ಕಡೆಯ ಮಾತು ಅಡುಗೆಯವಳಿಗೆ ಕೇಳಿಸಲಿಲ್ಲವಾದ್ದರಿಂದ ಇಲ್ಲಿಯೂ ಇಲ್ಲ.

"ಹಲೋ... ಯಾರು? ... ಯಾರು ಮಾತಾಡ್ತಿರೋದು? ...

"ಓ, ಅಕ್ಕ! ನೀವಾ! ದನಿ ಗುರುತೇ ಸಿಗಲಿಲ್ಲ, ಇಷ್ಟು ಸಣ್ಣಗಾಗಿಬಿಟ್ಟಿದೆ. ಹೇಳಿ...

"ಹಾಂ, ರಿಪೋರ್ಟ್ ಬಂತು. ನಮಗೂ ಬೇಜಾರೇ. ತಿಂದ ಮೇಲೆ ಲಿವರಿಗೆ ರಕ್ತ ಜೋರಾಗಿ ನುಗ್ಗಬೇಕಂತೆ. ಅದಕ್ಕೇ ಹಸಿದ ಹೊಟ್ಟೇಲಿ ಒಂದ್ಸಲ, ತಿನ್ನಿಸಿ ಒಂದ್ಸಲ ಸ್ಕ್ಯಾನ್ ಮಾಡಿದ್ರು. ಇವರದ್ದು ಎರಡು ಸಲಾನೂ ಒಂದೇ ಥರ. ಇಂಥ ಲಿವರ್ ಬೇಡ ಅಂದ್ರು. ನಾವೇನ್ ಮಾಡೋಕಾಗತ್ತೆ, ಅಲ್ವಾ? ...

"ಏನು? ... ಯಾರಂದ್ರು? ... ಸ್ಕ್ಯಾನ್ ಕೋಣೆ ಬಾಗಿಲು ಕಾಯೋಳಾ? ... ಏನ್ ಕಂಡಳಂತೆ? ...

"ಹಾಂ. ಮೆಟ್ಟಿಲ ಕೆಳಗೆ. ಡಬ್ಬಿ ನಂದೇ. ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ. ಮೊದಲನೇ ಸ್ಕ್ಯಾನಿಗೆ ಮುಂಚೇನೇ ಇವರು ತಿಂದ್ರು. ಹಸಿದ ಹೊಟ್ಟೆ ಅಂದ್ಕೊಂಡು ಆಸ್ಪತ್ರೆಯೋರು ಅಳೆದಿದ್ದು ತುಂಬಿದ ಹೊಟ್ಟೇನ. ರಕ್ತ ಆಗ್ಲೇ ಜೋರಾಗಿ ಹರೀತಿತ್ತು. ಆಮೇಲೆ ಇನ್ನೆಷ್ಟು ಏರತ್ತೆ? ...

"ಅಳಬೇಡಿ. ಅತ್ರೆ ನಿಮಗೇ ಸುಸ್ತು...

"ಸಾಕಿದ್ರಿ. ಯಾರು ಇಲ್ಲ ಅಂದ್ರು? ತಾಯಿ ಹಾಗೆ ಸಾಕಿದ್ರಿ. ಅದಕ್ಕೆ ಹೊಟ್ಟೆ ಸೀಳಿಸ್ಕೋಬೇಕಾ? ...

"ನಾನು ತಲೆ ಕೆಡಿಸಿದ್ನಾ? ಚೆನ್ನಾಗಿದೆ ಮಾತು! ಡಬ್ಬಿ ಕಟ್ಟು ಅಂದಿದ್ದೇ ನಿಮ್ಮ ಮುದ್ದಿನ ತಮ್ಮ. ನಿಮ್ಮ ಮುಖ ನೋಡ್ಕೊಂಡು ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಆ ಯಂತ್ರದ ಬಾಯಲ್ಲಿ ಹೇಳಿಸಿದ್ರು...

"ಡಾಕ್ಟರಿಗೆ ಹೇಳ್ತೀರಾ? ಹೇಳಿ. ಇನ್ನೊಂದ್ಸಲ ಸ್ಕ್ಯಾನ್ ಮಾಡ್ಲಿ. ಲಿವರ್ ಗಟ್ಟಿಮುಟ್ಟಾಗೇ ಇದೆ ಅಂತ ಗೊತ್ತಾಗತ್ತೆ. ಕೊಡೋಕೆ ಮನಸ್ಸಿಲ್ಲದೋರ ಮೈಗೆ ಅವರು ಕತ್ತಿ ಮುಟ್ಟಿಸ್ತಾರಾ, ಅದು ಹೇಳಿ ಮೊದಲು...

"ತಮ್ಮನ ಬಾಯಿಂದ್ಲೇ ಕೇಳ್ಬೇಕಾ? ಇಲ್ಲೇ ಊಟಕ್ಕೆ ಕೂತಿದ್ದಾರೆ. ತಡೀರಿ... ರೀ, ನಿಮ್ಮಕ್ಕ. ಫೋನ್ ಕೊಡ್ಲಾ? ... ರೀ? ...

"ಅಕ್ಕ, ತಲೆ ಎತ್ತಲಿಲ್ಲ. ತಟ್ಟೆ ಮುಂದಕ್ಕೆ ಚಾಚಿದ್ದಾರೆ, ಇನ್ನೊಂಚೂರು ಬಡಿಸು ಅಂತ. ಸಿಕ್ತಾ ಉತ್ತರ? ... ಅಕ್ಕ? ... ಹಲೋ? ... ಹಲೋ..."

ಫೋನ್ ಕಡಿದುಹೋಯಿತು. ಆ ತಟ್ಟೆಗೆ ಬಡಿಸಿದವಳು ತಾನೇ ಎಂದಳು ಅಡುಗೆಯವಳು. ಹೆಂಗಸರು ಒದ್ದೆ ಬಟ್ಟೆಯ ಬುಟ್ಟಿಗಳನ್ನು ಎತ್ತಿಕೊಂಡು, ಒಬ್ಬೊಬ್ಬರಾಗಿ ಮನೆಗೆ ಹೋದರು.