ಶೈಲಕ್ಕನ ಮಿಸ್ಡ್ ಕಾಲ್

ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು. ಇದು ನಮ್ಮ ಚಿಕ್ಕಪ್ಪನ ಮಗ ಅಮರನಿಗೇ ಆದದ್ದು.

ಭೋಸರಿಯಲ್ಲಿ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಕಟ್ಟೆ ಕುಸಿದ ಹಳೇ ಬಾವಿ ಇದೆ. ಆ ರಾತ್ರಿ ಅಮರ ಅದರ ಪಕ್ಕದ ದಾರಿಯಲ್ಲಿ ಸಿಳ್ಳೆ ಹಾಕುತ್ತ ಬರುತ್ತಿದ್ದ. ಸೋದರಮಾವ ಹೊಳಬಸಪ್ಪನ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ರಿಪೇರಿ ಮುಗಿಸಿ ಹೊರಟಿದ್ದ. ಖರಾಡಿಯ ಏಸಿ ಆಫೀಸಿನ ಗಂಡು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ.

ಆ ಕಂಪ್ಯೂಟರ್ ಲೇತ್ ಯಂತ್ರ ಓಡಿಸುವ ಓಬೀರಾಯನ ಕಾಲದ ಡಬ್ಬ. ಹೊಟ್ಟೆ ಬಿಚ್ಚಿದರೆ ಸ್ಲಾಟುಗಳಲ್ಲಿ ಕಾರ್ಡುಗಳು. ಲೇತಿನದೊಂದು, ಮಾವ ಹೊಸದಾಗಿ ತಂದ ನೆಟ್‌ವರ್ಕಿನದೊಂದು, ಫೋನ್ ಹಚ್ಚುವ ಹಳೇ ಮೋಡೆಮ್ ಒಂದು. ಪ್ರತಿ ಕಾರ್ಡಿಗೂ ತನ್ನದೇ ನಂಬರ್ ಬೇಕು. ಜೋಳದ ಕಾಳಿನಷ್ಟು ಜಂಪರ್ ಎಂಬ ಕ್ಲಿಪ್ ಕಿತ್ತು ಬೇರೆ ಪಿನ್ನಿಗೆ ಹಾಕಿ ಅದನ್ನು ಗೊತ್ತು ಮಾಡಬೇಕು. ಹೊಸ ಕಾರ್ಡಿಗೂ ಮೋಡೆಮ್ಮಿಗೂ ಒಂದೇ ನಂಬರ್ ಬಿದ್ದು ಡಬ್ಬ ಏಳುತ್ತಲೇ ಇರಲಿಲ್ಲ. ಅಮರ ಜಂಪರ್ ಅದಲು ಬದಲು ಮಾಡಿ ನೋಡಿದ. ಬೇರೆ ನಂಬರೇ ಖಾಲಿ ಇಲ್ಲ.

"ಮಾಮಾ, ಈ ಗುಜರಿ ಸಾಮಾನ ಯಾಕ ಇಟ್ಕೊಂಡೀರಿ?" ಅಂತ ಮೋಡೆಮ್ಮಿಗೇ ಕೈ ಹಾಕಿದ.

ಅರದಿಂದ ಗೇರ್ ಚಕ್ರ ತಿಕ್ಕುತ್ತಿದ್ದ ಶೈಲಕ್ಕ ಎದ್ದು ಬಂದಳು. ಆ ಲೇತ್ ನಡೆಸುತ್ತಿದ್ದ ಮನೋಜನ ಹೆಂಡತಿ. ಅವನು ತೀರಿಕೊಂಡ ಮೇಲೆ ಅಲ್ಲೇ ಕೆಲಸಕ್ಕೆ ಸೇರಿದವಳು.

"ತಮ್ಮಾ, ಅದನ್ನ ತಗೀಬ್ಯಾಡೋ..." ಪಿಸುಗುಟ್ಟಿದಳು. "ನಮ್ಮವರು ಹಾಕಿದ್ದು. ಹೊರಡೂ ಮುಂದ ಅದರಿಂದನ ಮನಿಗೆ ಒಂದ ರಿಂಗ್ ಕೊಟ್ಟು ಕಟ್ ಮಾಡ್ತಿದ್ರು. ನಾ ರೊಟ್ಟಿಗೆ ಹಂಚು ಇಡ್ತಿದ್ದೆ."

"ಮನೋಜಣ್ಣ ಹೋಗಿ ಎಷ್ಟ ವರ್ಷಾತಕ್ಕಾ?"

"ರಿಂಗ್ ಈಗೂ ಬರ್ತದ... ಬಂದ ಮ್ಯಾಲೆನ ನಾ ಉಣ್ಣೂದು."

ಅಮರ ಡಬ್ಬದ ಹಿಂಭಾಗ ತೋರಿಸಿ ನಕ್ಕ. ಮೋಡೆಮ್ಮಿಗೆ ಫೋನಿನ ವೈರೇ ಇರಲಿಲ್ಲ. ಮಾವ ತಲೆ ತಗ್ಗಿಸಿ ನಿಂತ. ಅವನಿಗೆ ಲೇತ್ ಓಡಿದರೆ ಸಾಕಾಗಿತ್ತು. ಅಮರ ಕಾರ್ಡ್ ಕಿತ್ತು ಚೀಲಕ್ಕೆ ಹಾಕಿಕೊಂಡ, ಆಫೀಸಿನಲ್ಲಿ ತೋರಿಸಿ ನಗಬೇಕಲ್ಲ! ಇಂಥ ನಗೆಗಿಷ್ಟು ಬೆಂಕಿ ಹಾಕ.

ಬಾವಿ ಹತ್ತಿರ ಬಂದಾಗ... ಟಿಕ್. ಚೀಲದೊಳಗಿನಿಂದ.

ಆಮೇಲೆ ಊಂ... ಅಂತ ರಿಸೀವರ್ ಎತ್ತಿದಾಗಿನ ಸದ್ದು. ಆಮೇಲೆ ಪಿಂ... ಪೀಂ... ಪಿಂ... ನಂಬರ್ ಒತ್ತುವ ಸದ್ದು.

ಕಾರ್ಡ್ ಹೊರಗೆ ತೆಗೆದ. ಕರೆಂಟಿಲ್ಲ, ವೈರಿಲ್ಲ. ಅದರ ಮೇಲಿದ್ದ ಗುಂಡಿಯಷ್ಟು ಸ್ಪೀಕರಿನಿಂದ... ಟ್ರರ್ರ್. ಒಂದೇ ಸಲ. ಕಟ್.

ಖರಾಡಿಯ ಗಂಡು ಕಾರ್ಡನ್ನು ಬಾವಿಗೆ ಎಸೆದು ಓಟ ಕಿತ್ತ. ಹಿಂದೆ ಗುಳುಂ ಅಂದದ್ದು ಕೇಳಿಸಿತು. ಬೆಳಗಾದ ಮೇಲೆ ಧೈರ್ಯ ಬಂತು ನೋಡಿ, "ಏನೋ ಉಳಿದ ಚಾರ್ಜು ಇರಬೇಕು" ಅಂತ ರೂಮಿನಲ್ಲಿ ನಮಗೇ ಪಾಠ ಹೇಳಿದ.

ಸಂಜೆ ಮಾವನ ಫೋನು. "ಕಾರ್ಡ್ ಎಲ್ಲದ ಅಂತ ಶೈಲಾ ಕೇಳಾಕ್ಹತ್ಯಾಳ."

"ಬಾವ್ಯಾಗ ಒಗದೆ."

"ಹುಚ್ಚಪ್ಯಾಲಿ! ಇವತ್ತಿಂದ ರಿಂಗ್ ಬರೂದಿಲ್ಲ, ನಾ ಉಣ್ಣೂದಿಲ್ಲ ಅಂತ ಕುಂತಾಳಲ್ಲೋ..."

"ಒಂದ ಮಿಸ್ಡ್ ಕಾಲ್ ಬೇಕಲ್ಲ? ಆಕಿ ಮನಿ ನಂಬರ್ ಕೊಡ್ರಿ."

ರಾತ್ರಿ ವರ್ಕ್‌ಶಾಪ್ ಮುಚ್ಚಿ ಆಕೆ ಮನೆ ಮುಟ್ಟಿರುವ ಹೊತ್ತಿಗೆ ತನ್ನ ಮೊಬೈಲಿನಿಂದ ಒಂದು ರಿಂಗ್ ಕೊಟ್ಟು ಕಟ್ ಮಾಡಿದ. "ಆಕಿಗೇನ್ ತಿಳೀತದ," ಅಂತ ಮೂಗು ಮುರಿದು ಗೊರಕೆ ಹೊಡೆದ.

ಮರುದಿನ ತನ್ನ ಜಾಣತನದ ಫಲ ನೋಡಲು ಭೋಸರಿಗೇ ಹೋದ. ಶೈಲಕ್ಕ ಗೆಲುವಾಗಿ ಗೇರ್ ಚಕ್ರ ತಿಕ್ಕುತ್ತಿದ್ದಳು.

"ಅಕ್ಕಾ, ರಿಂಗ್ ಬಂತೇನ?"

"ಬಂತೋ ತಮ್ಮಾ... ಎರಡ ಸಲ ಬಂತು."

ಅಮರ ಜೇಬಿನೊಳಗಿನ ಮೊಬೈಲ್ ಮುಟ್ಟಿ ನೋಡಿಕೊಂಡ.

"ಮೊದಲ್ನೇದು ನಮ್ಮವರದು. ಎರಡ್ನೇದು ಯಾರದೋ ತಿಳೀಲಿಲ್ಲ. ಉಣ್ಣಾಕ ಬರೂವರು ಇರಬೇಕಂತ ನಮ್ಮವರ ತಾಟಿನ ಬಾಜೂಕ ಅವರಿಗೂ ಒಂದ ತಾಟ ಇಟ್ಟು, ರೊಟ್ಟಿ, ಶೇಂಗಾ ಚಟ್ನಿ ಹಾಕಿ ಮಲಗಿದೆ. ಮುಂಜಾನೆ ನೋಡಿದ್ರ ಎರಡೂ ಖಾಲಿ."

ಅಮರ ವಾಪಸ್ ಬಂದು ನನ್ನ ಮುಂದೆ ಬಲಗೈ ಚಾಚಿದ. ಬೆಳಗ್ಗೆ ಎದ್ದಾಗಿನಿಂದ ಉಗುರಿನ ಸಂದಿಯಲ್ಲಿ ಶೇಂಗಾ ಚಟ್ನಿ ಇತ್ತಂತೆ, ತೊಳೆದರೂ ಹೋಗಲಿಲ್ಲವಂತೆ. ಹಿಂದಿನ ರಾತ್ರಿ ನಮ್ಮ ರೂಮಿನಲ್ಲಿ ಮಾಡಿದ್ದು ಬರೀ ನೂಡಲ್ಸು. ಸುಳ್ಳಲ್ಲ... ಆ ಬೆರಳನ್ನು ನಾನೇ ಮೂಸಿ ನೋಡಿದ್ದೇನೆ.